ತೋಮನ ಎಂಟು ದಿನ

ಪ್ರತಿ ಶುಕ್ರವಾರ ಸಂಜೆ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ವಿಶ್ವವಿದ್ಯಾಲಯದ ಏಳೆಂಟು ವಿದ್ಯಾರ್ಥಿಗಳು ಸೇರಿ ಸತ್ಯವೇದ, ಅಂದರೆ ಬೈಬಲ್, ಓದುತ್ತಾರೆ. ಅರ್ಧದಷ್ಟು ಮಂದಿ ಕ್ರೈಸ್ತ ಮನೆತನದವರಲ್ಲ. ಉಳಿದವರಿಗೆ ಮನೆಯಲ್ಲಿ ಕೇಳಿ ಬೆಳೆದದ್ದರ ಮೇಲೆಯೇ ಈಗ ಅನುಮಾನ. ಹಾಸ್ಟೆಲಿನಲ್ಲಿ ‘ಮತಾಂತರ’ ಎಂಬ ಮಾತು ಬಹಳ ಬೇಗ ಹಬ್ಬುವುದರಿಂದ, ಫೀಸು, ನೌಕರಿ, ಮದುವೆ ಯಾವುದರ ಆಸೆಯೂ ಇಲ್ಲಿಲ್ಲ, ಬೇಡವೆನಿಸಿದ ದಿನ ಎದ್ದು ಹೋಗಬಹುದು ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ.

ಕಳೆದ ತಿಂಗಳು, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ ಬಂದಾಗ, ಭೌತಶಾಸ್ತ್ರ ಓದುತ್ತಿರುವ ಹುಡುಗನೊಬ್ಬ ಮೊಬೈಲನ್ನು ನನ್ನ ಕಡೆಗೆ ತಿರುಗಿಸಿ, ಸತ್ಯವೇದದ ಹಳೆಯ ಪ್ರತಿಗಳಾದ 4ನೇ ಶತಮಾನದ ಸಿನಾಯಿ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ, ಯೇಸುವಿನ ಬರಿದಾದ ಸಮಾಧಿಯಿಂದ ಹೆಂಗಸರು ಓಡಿಹೋಗುವ ಎಂಟನೆಯ ವಚನದ ಮುಂದಿನದು ಇಲ್ಲವೇ ಇಲ್ಲ ಎಂದು ತೋರಿಸಿದ. “ಹಂಗಂದ್ರ ಈ ಸುವಾರ್ತೆ ಹೆಂಗಸರು ಅಂಜಿ ಓಡಿಹೋದಲ್ಲಿಗೇ ಮುಗೀತದೇನ್ರಿ ಸರ್?”

ನನ್ನ ಪುಸ್ತಕದ ಅಂಚಿನಲ್ಲಿ ನಾನೇ ಎಂದೋ ಪೆನ್ಸಿಲಿನಲ್ಲಿ ಅದೇ ಪ್ರಶ್ನೆ ಬರೆದುಕೊಂಡಿದ್ದೆ. ಅದನ್ನು ಅವನಿಗೆ ತೋರಿಸಿ, ನೀನು ಹೇಳುವುದು ಸರಿ, ಮುಂದಿನ ಹನ್ನೆರಡು ವಚನಗಳನ್ನು ಆಮೇಲೆ ಸೇರಿಸಿರಬೇಕೆಂದೇ ಹೆಚ್ಚಿನ ವಿದ್ವಾಂಸರು ಎಣಿಸುತ್ತಾರೆ ಎಂದೆ. ಆ ಬಳಿಕ, ಸುವಾರ್ತೆಗಳಿಗಿಂತ ಮೊದಲೇ, ಯೇಸು ಶಿಲುಬೆಯ ಮೇಲೆ ಸತ್ತ ಸುಮಾರು 25 ವರ್ಷಗಳೊಳಗೆ ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲನು ಗ್ರೀಸಿನ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರವನ್ನು ತೆರೆದೆವು. ಎದ್ದುಬಂದ ಯೇಸುವನ್ನು 500ಕ್ಕೂ ಹೆಚ್ಚು ಮಂದಿ ಏಕಕಾಲದಲ್ಲಿ ಕಂಡರು, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎಂದು ಅವನು ಅಲ್ಲಿ ಹೇಳುತ್ತಾನೆ. ಹುಡುಗ ಅದಕ್ಕೂ ಬಿಡಲಿಲ್ಲ: ಆ 500 ಮಂದಿಯಲ್ಲಿ ಒಬ್ಬರ ಬರಹವಾದರೂ ನಮ್ಮ ಕೈಯಲ್ಲಿದೆಯೇ? ಇಲ್ಲ. ಇತಿಹಾಸ ಒಂದು ಹೊಸ್ತಿಲಿನವರೆಗೆ ಕರೆತರುತ್ತದೆ, ಅದರಾಚೆ ನಾನು ನಂಬಿ ಹೆಜ್ಜೆಯಿಟ್ಟೆ ಎಂದಷ್ಟೇ ಹೇಳಿದೆ. ಲೆಕ್ಕ ಬಿಡಿಸಿ ತೋರಿಸಿದಂತೆ ನಟಿಸುವ ವಯಸ್ಸು ನನಗೆ ದಾಟಿದೆ.

ಮೊದಲು ಹೀಗಿರಲಿಲ್ಲ. ಹಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆ ಕೇಳಿದ ಒಬ್ಬಳಿಗೆ “ತೋಮನ ಹಾಗೆ ಆಡಬೇಡ” ಎಂದು ಎಲ್ಲರೆದುರು ಗದರಿದ್ದೆ; ಅವಳು ಮತ್ತೆ ಬರಲಿಲ್ಲ. ತೋಮನ ಕಥೆ ಬರುವ ಯೋಹಾನನ ಸುವಾರ್ತೆಯ 20ನೇ ಅಧ್ಯಾಯವನ್ನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಎದ್ದುಬಂದ ಯೇಸುವಿನ ಗಾಯದಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದು ಶಿಷ್ಯ ತೋಮ ಖಂಡಿತವಾಗಿ ಹೇಳಿದ ಮೇಲೆ ಎಂಟು ದಿನ ಕಳೆಯುತ್ತವೆ. ಎಂಟು ದಿನಗಳಾದ ಮೇಲೂ ಅವನು ಉಳಿದ ಶಿಷ್ಯರ ಜೊತೆಗೆ ಅದೇ ಮನೆಯೊಳಗೆ ಇರುತ್ತಾನೆ. ನೀನು ನಂಬುವುದಿಲ್ಲ, ಹೊರಗೆ ನಡೆ ಎಂದು ಪೇತ್ರನೂ ಹೇಳಿಲ್ಲ, ಯೋಹಾನನೂ ಹೇಳಿಲ್ಲ. ತೋಮನ ಸಂಶಯದ ಮೇಲೆ ಪ್ರಸಂಗ ಮಾಡುವ ನಾವು ಆ ಮನೆಯಲ್ಲಿದ್ದ ಹತ್ತು ಮಂದಿಯ ತಾಳ್ಮೆಯನ್ನು ಗಮನಿಸುವುದು ಅಪರೂಪ.

ಆ ಹುಡುಗ ನಿನ್ನೆಯೂ ಬಂದಿದ್ದ. ಚಹಾದ ಲೋಟಗಳನ್ನು ಒಳಗೆ ತಂದಿಟ್ಟು, ಚಪ್ಪಲಿ ಮೆಟ್ಟುತ್ತ, “ಮುಂದಿನ ವಾರ ಯೋಹಾನ ಓದೂಣ್ರಿ ಸರ್. ಆದ್ರ ನಾ ಇನ್ನೂ ಏನೂ ಒಪ್ಪಿಲ್ಲ ಮತ್ತ,” ಎಂದ. ಬಾಗಿಲ ದೀಪ ಹಾಕಿ, ಅವನು ಗೇಟು ದಾಟುವವರೆಗೆ ನಿಂತಿದ್ದೆ.