ಹಾಲಿನ ಲೆಕ್ಕದ ಪಕ್ಕ ನಿದ್ದೆಯ ಲೆಕ್ಕ

“ದುಡ್ಡು ಕೊಡುತ್ತಿರುವವನು ನಾನು.”

“ನಿದ್ದೆ ಬಾರದಿರುವುದು ಅವರಿಗೆ.”

ಮಂಗಳವಾರದಿಂದ ಈ ಎರಡು ಮಾತು ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. ಮೊದಲನೆಯದು ಪುಣೆಯಲ್ಲಿರುವ ಅತ್ತೆಯ ಮಗನದು, ಫೋನಿನ ಸ್ಪೀಕರಿನಲ್ಲಿ. ಎರಡನೆಯದು ಅತ್ತೆಯನ್ನು ನೋಡುತ್ತಿರುವ ಮನಃಶಾಸ್ತ್ರಜ್ಞರದು. ಅಮ್ಮ ಏನೇನು ಹೇಳಿದರು, ಇನ್ನು ಎಷ್ಟು ಸಿಟ್ಟಿಂಗ್ ಬೇಕು ಎಂದು ಅವನು ಕೇಳಿದ್ದ, ರೂಟ್ ಕೆನಾಲ್ ಮಾಡಿಸುವವರು ಕೇಳುವ ಹಾಗೆ. “ಅವರು ಒಪ್ಪಿದರೆ ಹೇಳುತ್ತೇನೆ” ಎಂದರು ಇವರು. ಅಲ್ಲಿಂದ ಮಾತು ದುಡ್ಡಿಗೆ ಹೋಯಿತು. ಅತ್ತೆ ಪಕ್ಕದಲ್ಲೇ ಕುಳಿತು ಸೆರಗಿನ ಅಂಚನ್ನು ಮಡಿಸುತ್ತಿದ್ದರು. ಒಪ್ಪುತ್ತೇನೆ ಎಂದು ಅವರ ಬಾಯಿಂದ ಬರಲಿಲ್ಲ.

ನನ್ನ ಭಾವ ಕೆಟ್ಟವನಲ್ಲ. ಅಮ್ಮನಿಗೆ ಯುಪಿಎಸ್, ಸೋಲಾರ್ ಹೀಟರ್ ಎಲ್ಲ ಹಾಕಿಸಿಕೊಟ್ಟವನು. ಆದರೆ ಪ್ರತಿಯೊಂದಕ್ಕೂ ರಸೀದಿ ಬೇಕು ಅವನಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಗೋಪ್ಯತೆಯ ಹಕ್ಕಿನ ಬಗ್ಗೆಯೇ ಇದೆ. ಮಗ ಕೇಳಿದರೆ ತಾಯಿಯ ಒಳಗುಟ್ಟು ಹೇಳಿಬಿಡಬೇಕು ಎಂಬ ನಮ್ಮ ಮನೆಗಳ ಕಾಯ್ದೆ ಅದಕ್ಕಿಂತ ಬಹಳ ಹಳೆಯದು. (ಈ ಬರಹಕ್ಕೆ ಅತ್ತೆಯ ಅನುಮತಿ ಇದೆ. ಹೆಸರು ಹಾಕಬೇಡ, ಊರೂ ಬೇಡ ಎಂದಿದ್ದಾರೆ.)

ಮೊದಲ ದಿನ ಅತ್ತೆಯೇ ನನ್ನನ್ನು ಒಳಗೆ ಕೂರಿಸಿಕೊಂಡಿದ್ದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ ಎಂದು ವಿಚಾರಿಸಿಕೊಂಡ ಮೇಲೆ ಮನಃಶಾಸ್ತ್ರಜ್ಞರು ಒಂದು ಅಚ್ಚಾದ ಹಾಳೆ ಕೊಟ್ಟರು: ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ಎಷ್ಟು ಸಲ ಎಚ್ಚರ. ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದವರು, ಜೀವಮಾನವಿಡೀ ಊರ ಮಕ್ಕಳ ಹೋಂವರ್ಕ್ ತಿದ್ದಿದವರು. ಹಾಳೆಯನ್ನು ಮೇಲಿಂದ ಕೆಳಗೆ ಓದಿ, “ಇದನ್ನು ನಾನು ತುಂಬುವುದಿಲ್ಲ” ಎಂದುಬಿಟ್ಟರು. ಅದನ್ನು ವಾಪಸ್ ಡ್ರಾಯರಿಗೆ ಹಾಕುತ್ತಾ ಅವರು ಕೇಳಿದರು: “ಮನೆಯಲ್ಲಿ ದಿನಾ ಏನನ್ನಾದರೂ ಬರೆದಿಡುತ್ತೀರಾ?”

“ಹಾಲಿನ ಲೆಕ್ಕ. ಕ್ಯಾಲೆಂಡರಿನಲ್ಲಿ.”

“ಹಾಗಾದರೆ ಅದರ ಕೆಳಗೇ ಬರೆಯಿರಿ.”

ಈಗ ಅಡುಗೆಮನೆಯ ಬಾಗಿಲ ಹಿಂದೆ ತೂಗುವ, ರಾಹುಕಾಲ ಗುಳಿಕಕಾಲ ಅಚ್ಚಾದ ಆ ಕ್ಯಾಲೆಂಡರಿನ ಒಂದು ಚೌಕದಲ್ಲಿ “ಅರ್ಧ ಲೀ.” ಎಂದಿದೆ, ಅದರಡಿ “12–3”. ಇನ್ನೊಂದರಲ್ಲಿ “1 ಲೀ. ಪಾಯಸ”, ಅದರಡಿ “2–5”. ಒಂದು ಚೌಕದಲ್ಲಿ ಹಾಲೂ ಇಲ್ಲ, ನಿದ್ದೆಯೂ ಇಲ್ಲ, ಅಡ್ಡಗೆರೆ ಮಾತ್ರ. ಆ ಗೆರೆಯ ಬಗ್ಗೆಯೇ ಒಂದು ಇಡೀ ಭೇಟಿ ಮಾತಾಡಿದರಂತೆ. ಏನು ಮಾತಾಡಿದರು ಎಂಬುದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದದ್ದೂ ಅಲ್ಲ.

ಅವರು ಮಾಡುತ್ತಿರುವುದು ಸಿಬಿಟಿ ಎನ್ನುವ, ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನು ನಿದ್ರಾಹೀನತೆಗೆ ಹೊಂದಿಸಿದ ರೂಪ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ಅದರಲ್ಲೊಂದು ನಿಯಮ: ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಬೇರೆ ಕೋಣೆಗೆ ಹೋಗಿ, ತೂಕಡಿಕೆ ಬಂದಾಗ ಮರಳಿ. ಅತ್ತೆ ಒಪ್ಪಲಿಲ್ಲ. ನಡುರಾತ್ರಿ ಲೈಟು ಹತ್ತಿದರೆ ಮಹಡಿಯ ಬಾಡಿಗೆಯವರಿಗೆ ಕಾಣುತ್ತದೆ, ಬೆಳಗಾಗುವಷ್ಟರಲ್ಲಿ ಸುದ್ದಿ ಪುಣೆಗೆ ಮುಟ್ಟುತ್ತದೆ. ಇದು ಯಾವ ಪಠ್ಯಪುಸ್ತಕದಲ್ಲಿ ಬರುತ್ತದೆ? “ಲೈಟು ಬೇಡದ ಕೆಲಸ ಯಾವುದಿದೆ?” ಎಂದರು ಮನಃಶಾಸ್ತ್ರಜ್ಞರು. “ಬತ್ತಿ ಹೊಸೆಯಬಹುದು, ದೇವರ ಮನೆಯ ದೀಪ ಸಾಕು.” “ಹೊಸೆಯಿರಿ.” ಈಗ ನಮ್ಮ ಬೀದಿಯ ಅಷ್ಟೂ ಮನೆಯ ಕಾರ್ತಿಕ ದೀಪಕ್ಕೆ ಸಾಲುವಷ್ಟು ಬತ್ತಿ ಡಬ್ಬಿಯಲ್ಲಿದೆ.

ಇಷ್ಟೆಲ್ಲ ಬಗ್ಗುವ ಮನುಷ್ಯ ಏಳುವ ಹೊತ್ತಿನ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ಜಗ್ಗಲಿಲ್ಲ. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆಯಲಿ, ಬೆಳಿಗ್ಗೆ ಐದೂವರೆಗೆ ಏಳಬೇಕು. ಭಾನುವಾರ ಒಂದು ಗಂಟೆ ಬಿಡಿ ಎಂದು ಅತ್ತೆ ಗೋಗರೆದರೂ ಇಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲಿ. ಎಲ್ಲದಕ್ಕೂ ಹೂಂ ಎನ್ನುವವರು ಸುಲಭವಾಗಿ ಸಿಗುತ್ತಾರೆ. ಚಿಕಿತ್ಸೆಯಲ್ಲಿ ಯಾವುದು ಬರೀ ಹೊರಗಿನ ಶಿಸ್ತು, ಯಾವುದು ಅದರ ಜೀವ ಎಂದು ಬಲ್ಲವರೇ ಹೀಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಲ್ಲರು.

ದಾರಿ ಯಾವುದೆಂದು ಸಹಾಯ ಕೇಳಿ ಬಂದವರಿಗೇ ಗೊತ್ತಿರುತ್ತದೆ, ನಾವು ಮನಸ್ಸಿಟ್ಟು ಕೇಳಿಸಿಕೊಂಡರೆ ಅವರೇ ಅದನ್ನು ಕಂಡುಕೊಳ್ಳುತ್ತಾರೆ ಎಂದು 1940ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ವಾದಿಸಿದ್ದರು. ನನಗೆ ತುಂಬ ಹಿಡಿಸುವ ವಿಚಾರ. ಆದರೆ ನಮ್ಮ ಅತ್ತೆಯ ಮುಂದೆ ಸುಮ್ಮನೆ ತಲೆಯಾಡಿಸುತ್ತಾ ಕುಳಿತರೆ, ‘ಇವರಿಗೆ ಏನೂ ಗೊತ್ತಿಲ್ಲ’ ಎಂದು ಅವರು ಎದ್ದು ಬರುತ್ತಾರೆ. “ನೀವು ಹೇಳಿ ಡಾಕ್ಟ್ರೇ, ನಾನು ಮಾಡುತ್ತೇನೆ” ಎನ್ನುವವರು ಅವರು. (ತಾವು ಡಾಕ್ಟರಲ್ಲ ಎಂದು ತಿದ್ದಿ ತಿದ್ದಿ ಮನಃಶಾಸ್ತ್ರಜ್ಞರು ಈಗ ಕೈಬಿಟ್ಟಿದ್ದಾರೆ.) ಪಂಜಾಬಿ ಕವಿಯೂ ಆಗಿದ್ದ ಮನೋವೈದ್ಯ ಜೆ. ಎಸ್. ನೇಕಿ ಇದನ್ನು ಬಲ್ಲವರಾಗಿದ್ದರು. ನಮ್ಮಲ್ಲಿ ಚಿಕಿತ್ಸಕ ಗುರುವಿನ ಜಾಗದಲ್ಲಿ ನಿಂತು ದಾರಿ ತೋರಿಸಬೇಕಾಗುತ್ತದೆ ಎಂದು 1973ರಲ್ಲಿ ಗುರು–ಚೇಲಾ ಸಂಬಂಧದ ಮಾದರಿಯನ್ನು ಮುಂದಿಟ್ಟರು. ಹೇಳಿಸಿಕೊಳ್ಳಲು ಬಂದವರಿಗೆ ಏನೂ ಹೇಳದೆ ಕಳಿಸುವುದೂ ಚಿಕಿತ್ಸಕನ ಹಟವೇ ಅಲ್ಲವೇ?

ಹಾಗೆಂದು ಅತ್ತೆ ಹೇಳಿದ್ದನ್ನೆಲ್ಲ ಕೇಳುವ ಶಿಷ್ಯೆಯೇನಲ್ಲ. ಮಂಗಳವಾರ ಫೋನು ಇಟ್ಟ ಮೇಲೆ ಚರ್ಚೆಗೆ ಬಂದದ್ದು ಮಧ್ಯಾಹ್ನದ ನಿದ್ದೆ. ಬೇಡ ಎಂದರು ಅವರು. “ಹಬ್ಬದ ದಿನ ಹೋಳಿಗೆ ಉಂಡ ಮೇಲೆ ನನ್ನ ಕೈಲಾಗುವುದಿಲ್ಲ” ಎಂದರು ಅತ್ತೆ. ವರ್ಷಕ್ಕೆ ಎಷ್ಟು ಹಬ್ಬ ಎಂದು ಅವರು ಕೇಳಿದ್ದೇ ತಡ, ಯುಗಾದಿಯಿಂದ ಬೆರಳು ಮಡಿಸತೊಡಗಿದರು. ಶ್ರಾವಣ ದಾಟುವಷ್ಟರಲ್ಲಿ ಎರಡೂ ಕೈ ಮುಗಿದಿದ್ದವು. ಕೊನೆಗೆ ಹೋಳಿಗೆ ಮಾಡಿದ ದಿನ ಮಾತ್ರ ಅರ್ಧ ಗಂಟೆ, ಅದೂ ಮೂರು ಗಂಟೆಯೊಳಗೆ ಎಂದು ತೀರ್ಮಾನವಾಯಿತು. ಪಾಯಸದ ವಿಷಯ ಮುಂದಿನ ಭೇಟಿಗೆ ಉಳಿದಿದೆ.