ಸೆಮಿನಾರ್ ಮಾರ್ಕ್ಸ್ ಶೀಟಿನಲ್ಲಿ ಇಲ್ಲದ ಕಾಲಂ

ಕೋಲಾರದ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಆರನೇ ಸೆಮ್ ಸೆಮಿನಾರ್‌ನಲ್ಲಿ ನಡೆದದ್ದು ಇನ್ನೂ ಚುಚ್ಚುತ್ತಿದೆ.

ಮಾಲೂರು ಕಡೆಯಿಂದ ಬಸ್ಸಲ್ಲಿ ಬರುವ ಹುಡುಗಿ. ನಿರ್ವಾತದಲ್ಲಿರುವ ಎಂಟ್ಯಾಂಗಲ್‌ಮೆಂಟ್ ಬಗ್ಗೆ, ಅಂದರೆ ದೂರದೂರದ ಎರಡರ ನಡುವೆ ಇರುವ ಕ್ವಾಂಟಮ್ ನಂಟಿನ ಬಗ್ಗೆ ಮಾತಾಡುತ್ತಿದ್ದಳು. ದೂರದಲ್ಲಿರುವ ಎರಡು ಡಿಟೆಕ್ಟರ್‌ಗಳನ್ನು, ಒಂದರಿಂದ ಇನ್ನೊಂದಕ್ಕೆ ಬೆಳಕೂ ತಲುಪದಷ್ಟು ಕಡಿಮೆ ಹೊತ್ತು ಆನ್ ಮಾಡಿದರೂ ಅವು ಎಂಟ್ಯಾಂಗಲ್ ಆಗಬಹುದು ಅಂದಳು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಅಲ್ಲೇ ತಡೆದರು. "ಏನಮ್ಮ, ಹಾಗಾದ್ರೆ ಸಿಗ್ನಲ್ ಬೆಳಕಿಗಿಂತ ಜೋರಾಗಿ ಹೋಯ್ತಾ?"

ಕ್ಲಾಸಲ್ಲಿ ಯಾರೂ ಉಸಿರೆತ್ತಲಿಲ್ಲ. ನನಗೆ ನಾಲಿಗೆ ತುದಿಯಲ್ಲೇ ಉತ್ತರ ಇತ್ತು, ಆದರೆ ಗೈಡ್ ಬಾಯಿ ಹಾಕುವ ಹಾಗಿಲ್ಲ. ಅವಳು ಬೋರ್ಡ್ ಒರೆಸಿ, ಎರಡು ಲೈಟ್ ಕೋನ್ (ಒಂದು ಜಾಗದಿಂದ ಹೊರಟ ಬೆಳಕು ಮುಟ್ಟಬಹುದಾದ ವ್ಯಾಪ್ತಿ) ಬರೆದಳು; ಒಂದು ಡಿಟೆಕ್ಟರ್ ಇನ್ನೊಂದರ ಕೋನ್‌ನ ಹೊರಗೇ ಇತ್ತು. "ಸಿಗ್ನಲ್ ಹೋಗಲೇ ಇಲ್ಲ ಸರ್. ನಿರ್ವಾತದಲ್ಲೂ ಇರುವ ಫೀಲ್ಡಿನಲ್ಲಿ ಇಲ್ಲಿಗೂ ಅಲ್ಲಿಗೂ ಸಂಬಂಧ ಮೊದಲೇ ಇದೆ. ಡಿಟೆಕ್ಟರ್‌ಗಳು ಅದರಲ್ಲಿ ಸ್ವಲ್ಪ ತೆಗೆದುಕೊಳ್ಳುತ್ತವೆ, ಅಷ್ಟೆ." ಸರಿಯಾದ ಉತ್ತರ. 2003ರಲ್ಲಿ ಭೌತವಿಜ್ಞಾನಿ ರೆಜ್ನಿಕ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ.

"ಯಾರಾದ್ರೂ ಅಳೆದಿದ್ದಾರಾ?"

ಇಲ್ಲಿ "ಹೌದು" ಅಂದುಬಿಟ್ಟಿದ್ದರೆ ಫುಲ್ ಮಾರ್ಕ್ಸ್ ಬರುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. 2019ರ ಜ್ಯೂರಿಕ್ ಪ್ರಯೋಗ ಹೇಳಿದಳು. ಜಿಂಕ್ ಟೆಲ್ಯುರೈಡ್ ಹರಳಿನ ಮೂಲಕ ಎರಡು ಫೆಮ್ಟೋಸೆಕೆಂಡ್ ಲೇಸರ್ ಪಲ್ಸ್ ಹಾಯಿಸುತ್ತಾರೆ. ಅಲ್ಲಿನ ಎಲೆಕ್ಟ್ರಿಕ್ ಫೀಲ್ಡ್ ಆ ಪಲ್ಸ್‌ಗಳ ಪೋಲರೈಸೇಷನ್ನನ್ನು (ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು) ಚೂರೇ ಚೂರು ತಿರುಗಿಸುತ್ತದೆ, ಎರಡನ್ನೂ ಹೋಲಿಸಿ ನೋಡುತ್ತಾರೆ. ರೂಮ್ ಟೆಂಪರೇಚರಿನಲ್ಲಿ ಶಾಖದ ಟೆರಾಹರ್ಟ್ಸ್ ಫೋಟಾನ್‌ಗಳೇ ಎಲ್ಲವನ್ನೂ ಮುಚ್ಚಿಹಾಕುತ್ತವೆ, ಅದಕ್ಕೇ ಹರಳನ್ನು 4 ಕೆಲ್ವಿನ್‌ಗೆ ಇಳಿಸಿದ್ದು. 2022ರಲ್ಲಿ ಅದೇ ಗುಂಪು ಲೈಟ್ ಕೋನ್ ಆಚೆಗೂ ಸಂಬಂಧ ಇರುವುದನ್ನು ತೋರಿಸಿತು. "ಆದರೆ ಸರ್, ಅಳೆದದ್ದು ಫೀಲ್ಡಿನ ಕೋರಿಲೇಷನ್, ಅಂದರೆ ಎರಡು ಕಡೆಯ ಏರಿಳಿತಗಳ ನಡುವಿನ ಸಂಬಂಧ. ಎರಡು ಡಿಟೆಕ್ಟರ್ ಎಂಟ್ಯಾಂಗಲ್ ಆದದ್ದನ್ನು ಅದರಲ್ಲಿ ತೋರಿಸಿಲ್ಲ."

ಶೀಟಿನಲ್ಲಿ ಬರೆದದ್ದು: "ಕನ್‌ಕ್ಲೂಷನ್ ವೀಕ್." ಮಾರ್ಕ್ಸ್ ಕಟ್. ವಾಯ್ಸ್‌ಗೆ ಕಾಲಂ ಇದೆ, ಟೈಮ್ ಮ್ಯಾನೇಜ್‌ಮೆಂಟ್‌ಗೆ ಇದೆ, ಸ್ಲೈಡಿನ ಬಣ್ಣಕ್ಕೂ ಇದೆ. ಅಳೆದದ್ದೆಷ್ಟು, ಊಹಿಸಿದ್ದೆಷ್ಟು ಅಂತ ಬಿಡಿಸಿ ಹೇಳುವವರಿಗೆ ಮಾತ್ರ ಕಾಲಂ ಇಲ್ಲ. ಫಿಸಿಕ್ಸ್ ಓದುವುದೇ ಅದಕ್ಕೆ ಅಲ್ವಾ?

ಎಚ್‌ಓಡಿ ಹತ್ತಿರ ಕೇಳಿದೆ. ಪೋರ್ಟಲ್ಲಿನಲ್ಲಿ ಫಾರ್ಮ್ಯಾಟ್ ಲಾಕ್ ಆಗಿದೆ ಅಂದರು. ಹಾಗಾಗಿ ಈಗ ನನ್ನ ಕೈಕೆಳಗಿರುವ ಮಕ್ಕಳಿಗೆಲ್ಲ ಕೊನೆಯ ಸ್ಲೈಡನ್ನು ಎರಡು ಭಾಗ ಮಾಡಿಸುತ್ತೇನೆ: ಏನು ಅಳೆದರು, ಅದರಿಂದ ಏನು ಊಹಿಸಿದರು. ಮಾರ್ಕ್ಸ್ ಹೋದರೂ ಅದನ್ನು ತೆಗೆಸುವುದಿಲ್ಲ.