ಊರ ತುಂಬ ಮಂಗ ಇರುವಾಗ ಸಿಂಗಳೀಕಕ್ಕೆ ಯಾಕೆ ಅಭಯಾರಣ್ಯ?

ಮಲೆನಾಡಿನ ತೋಟದವರು ಬಿಡದೆ ಕೇಳುವ ಪ್ರಶ್ನೆ ಇದು: ಎರಡೂ ಮಂಗವೇ ಅಲ್ಲವೇ, ಒಂದನ್ನು ಓಡಿಸಿ ಓಡಿಸಿ ಸಾಕಾಗಿದೆ, ಇನ್ನೊಂದನ್ನು ಉಳಿಸಿ ಅಂತೀರಲ್ಲ?

ಮೊದಲು ಗುರುತು. ಊರಿನ ಕೋಡಗಕ್ಕೆ ನಡುಬೈತಲೆ ತೆಗೆದಂಥ ಕೂದಲ ಟೋಪಿ, ಮೈಗಿಂತ ಉದ್ದದ ಬಾಲ. ಸಿಂಗಳೀಕದ್ದು ಕರಿ ಮೈ, ಮುಖದ ಸುತ್ತ ನರೆತ ಕೇಸರ, ಗಿಡ್ಡ ಬಾಲದ ತುದಿಗೊಂದು ಕುಚ್ಚು. ಕೊಡಗಿನಿಂದ ತೆಂಕಕ್ಕೆ ನೀಲಗಿರಿ ಲಂಗೂರವೂ ಕರಿಯೇ, ಆದರೆ ಅದರ ಬಾಲ ಉದ್ದ. ಬಾಲ ನೋಡಿದರೆ ಮೋಸ ಹೋಗುವುದಿಲ್ಲ.

ಅಸಲಿ ಭೇದ ಇರುವುದು ಬದುಕಿನಲ್ಲಿ. ಕೋಡಗ ನೆಲ, ಮರ, ಬಸ್ ನಿಲ್ದಾಣ ಎಲ್ಲಕ್ಕೂ ಒಗ್ಗುತ್ತದೆ. ಸಿಂಗಳೀಕಕ್ಕೆ ನಿತ್ಯಹರಿದ್ವರ್ಣದ ಮರದ ನೆತ್ತಿ ಬೇಕು, ಅದೂ ಕೊಂಬೆಗೆ ಕೊಂಬೆ ತಾಗುವಂತೆ. ನಡುವೆ ಅಗಲದ ರಸ್ತೆ ಬಂತೋ, ಗುಂಪು ಎರಡೂ ಕಡೆ ಸಿಕ್ಕಿಬೀಳುತ್ತದೆ, ಇಲ್ಲವೇ ಕೆಳಗಿಳಿದು ವಾಹನಕ್ಕೆ ಸಿಗುತ್ತದೆ. ಹೆಣ್ಣು ಮೊದಲ ಮರಿ ಹಾಕುವಾಗ ಐದಾರು ವರ್ಷ. ಆಮೇಲೂ ಒಂದು ಮರಿಗೂ ಇನ್ನೊಂದಕ್ಕೂ ಸುಮಾರು ಮೂರು ವರ್ಷದ ಅಂತರ. ಕೋಡಗ ಹೆಚ್ಚುಕಡಿಮೆ ವರ್ಷಕ್ಕೊಂದು ಹಾಕುತ್ತದೆ. ಹಾಗಾಗಿ ಸಿಂಗಳೀಕದ ಗುಂಪಿನಲ್ಲಿ ಎರಡು ಹೆಣ್ಣು ಸತ್ತರೆ ಆ ನಷ್ಟ ತುಂಬಲು ಬಹಳ ಕಾಲ ಬೇಕು. ಉಪ್ಪಾಗೆ ಹಣ್ಣಿನ ವಿಷಯವನ್ನೂ ಹೇಳಬೇಕು: ಶಿರಸಿ, ಹೊನ್ನಾವರದ ಕಾಡಿನಲ್ಲಿ ಅದು ಸಿಂಗಳೀಕದ ಮಳೆಗಾಲದ ಊಟ, ನಮಗೆ ಸಿಪ್ಪೆಯ ವ್ಯಾಪಾರ. ಮರವೇರಿ ಎಲ್ಲವನ್ನೂ ಬಡಿದು ಬೋಳಿಸಿದರೆ ಅವಕ್ಕೆ ಉಳಿಯುವುದೇನು?

ಕಾಡಿನಲ್ಲಿ ಉಳಿದಿರುವ ಸಿಂಗಳೀಕ ಸುಮಾರು 4,000, ಅದೂ ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟದಲ್ಲಿ ಮಾತ್ರ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ಅದು ಅಳಿವಿನಂಚಿನ ಪ್ರಾಣಿ. 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಆದದ್ದು ಇದಕ್ಕಾಗಿಯೇ.

ಇನ್ನು ಕೋಡಗ. ಬಹಳ ಮಂದಿ ನಂಬದ ಸಂಗತಿ: 2020ರಿಂದ ಅದೂ ಐಯುಸಿಎನ್‌ನ 'ದುರ್ಬಲ' ವರ್ಗದಲ್ಲಿದೆ. ರಸ್ತೆಬದಿಯ ಆಲ, ಗೋಣಿ, ಬಸರಿ ಮರಗಳು ಅಗಲೀಕರಣಕ್ಕೆ ಉರುಳಿದವು. ಉತ್ತರದಿಂದ ರೀಸಸ್ ಮಂಗ ಇಳಿದು ಅದರ ಜಾಗ ಹಿಡಿಯುತ್ತಿದೆ. ದೇವಸ್ಥಾನ, ಘಾಟಿ ತಿರುವುಗಳಲ್ಲಿ ಕಾಣುವ ಜಂಗುಳಿ ಹೆಚ್ಚಳವಲ್ಲ, ಬಿಸ್ಕತ್ತಿನ ಸುತ್ತ ಆದ ಜಮಾವಣೆ.

ತೋಟದ ಕಾಟ ಸುಳ್ಳೆಂದು ಹೇಳುತ್ತಿಲ್ಲ. ಆದರೆ ಹಿಡಿದು ದೂರದ ಕಾಡಿಗೆ ಬಿಟ್ಟರೆ ಅನ್ನ ಕಂಡ ಗುಂಪು ಅಲ್ಲಿನ ಹತ್ತಿರದ ಊರಿಗೇ ಇಳಿಯುತ್ತದೆ. ಕಾಟ ಪಕ್ಕದೂರಿಗೆ ವರ್ಗವಾಯಿತು, ಅಷ್ಟೆ. ತಿನ್ನಿಸುವುದು ನಿಲ್ಲಬೇಕು, ಕಸದ ತೊಟ್ಟಿಗೆ ಮುಚ್ಚಳ ಬೀಳಬೇಕು. ಸಿಂಗಳೀಕಕ್ಕಾದರೆ ರಸ್ತೆಯ ಮೇಲೆ ಕೂಡುವ ಕೊಂಬೆಗಳನ್ನು ಕಡಿಯದಿರುವುದು, ಕಡಿದಾಗಿದ್ದರೆ ಹಗ್ಗದ ಸೇತುವೆ ಕಟ್ಟುವುದು.